ತಳ್ಳಿದರೆ ತೆರೆಯದ ಬಾಗಿಲು

ನಮ್ಮೂರಿನ ಬಾವಿಗಳಿಗೆ ಬಿದ್ದ ಕೊಡಪಾನಗಳಲ್ಲಿ ಪಾತಾಳಗರಡಿಗೆ ಸಿಕ್ಕದವನ್ನೆಲ್ಲ ಮೇಲೆ ತರುತ್ತಿದ್ದವನು ಒಬ್ಬನೇ ಒಬ್ಬ. ಅವನು ಮುಳುಗುವುದು ನೋಡಲು ಏನೇನೂ ಚೆನ್ನಾಗಿರುತ್ತಿರಲಿಲ್ಲ. ಹಗ್ಗಕ್ಕೊಂದು ಕಲ್ಲು ಕಟ್ಟಿ ಇಳಿಬಿಡುತ್ತಿದ್ದ. ಆಮೇಲೆ ಆ ಹಗ್ಗ ಹಿಡಿದು ಕಾಲು ಕೆಳಗೆ, ತಲೆ ಮೇಲೆ ಮಾಡಿ, ಮೊಳಕ್ಕೊಮ್ಮೆ ತಡೆದು ತಡೆದು, ಒಂದು ಕೈಯಲ್ಲಿ ಮೂಗು ಹಿಡಿದುಕೊಂಡು ಇಳಿಯುತ್ತಿದ್ದ. ಹುಡುಗರಾದ ನಮಗೆ ಅದು ಹೆದರಿಕೆಯ ಲಕ್ಷಣವಾಗಿ ಕಾಣುತ್ತಿತ್ತು. ಒಂದು ಬೇಸಗೆ ರಜೆಯಲ್ಲಿ ಅವನಿಗಿಂತ ನಾನೇ ಚುರುಕು ಎಂದು ತೋರಿಸಲು ಹೋಗಿ ತಲೆಕೆಳಗಾಗಿ ಧುಮುಕಿದೆ. ಎರಡಾಳು ನೀರು ದಾಟುವ ಮೊದಲೇ ಎಡಗಿವಿಯೊಳಗೆ ಯಾರೋ ದಬ್ಬಣ ಚುಚ್ಚಿದ ಹಾಗಾಯಿತು. ಕಿವಿ ಒತ್ತಿಕೊಂಡು ಮೇಲೆ ಬಂದೆ. ಅವನು ಬೈಯಲಿಲ್ಲ, ನಕ್ಕ. ‘ಕಿವೀನ ಕೇಳ್ಕೊಂಡು ಇಳೀಬೇಕು ಮಾರಾಯ’ ಎಂದ.

ಆ ಮಾತಿನ ಅರ್ಥ ಆಗಲು ನನಗೆ ಮೂವತ್ತು ವರ್ಷ ಮತ್ತು ಫ್ರೀಡೈವಿಂಗ್ ಎಂಬ ಆಟದ ಪರಿಚಯ ಬೇಕಾಯಿತು. ಬೆನ್ನಿಗೆ ಸಿಲಿಂಡರ್ ಇಲ್ಲದೆ, ಒಂದೇ ಉಸಿರು ಕಟ್ಟಿಕೊಂಡು ಆಳಕ್ಕೆ ಇಳಿಯುವ ಆಟ ಅದು. ಹೊರಗಿನಿಂದ ನೋಡಿದವರಿಗೆ ಇದು ಶ್ವಾಸಕೋಶದ ಪರೀಕ್ಷೆ ಅನ್ನಿಸುತ್ತದೆ. ಕಲಿಯಲು ಹೊರಟವರಿಗೆ ಮೊದಲ ವಾರದಲ್ಲೇ ಗೊತ್ತಾಗುತ್ತದೆ, ಉಸಿರು ಇನ್ನೂ ಬೇಕಾದಷ್ಟು ಉಳಿದಿರುವಾಗಲೇ ‘ಸಾಕು, ಹಿಂದೆ ಹೋಗು’ ಎನ್ನುವುದು ಕಿವಿ.

ಕಿವಿತಮಟೆ ಸುಮಾರು ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟು ದಪ್ಪದ ಪೊರೆ. ಅದರ ಹೊರಗಡೆ ನೀರು. ಒಳಗಡೆ, ಮಧ್ಯಕರ್ಣವೆಂಬ ಪುಟ್ಟ ಕೋಣೆಯಲ್ಲಿ ಗಾಳಿ. ನೀರಿನಲ್ಲಿ ಹತ್ತು ಮೀಟರ್ ಇಳಿದರೆ ಒಂದು ಇಡೀ ವಾಯುಮಂಡಲದಷ್ಟು ಒತ್ತಡ ಹೆಚ್ಚುತ್ತದೆ. ಹಾಗಾಗಿ ಒಂದೇ ಮೀಟರ್ ಇಳಿದರೂ ಪ್ರತಿ ಚದರ ಸೆಂಟಿಮೀಟರಿನ ಮೇಲೆ ನೂರು ಗ್ರಾಂ ಭಾರ ಹೇರಿದಂತೆ. ತಮಟೆಯ ವಿಸ್ತಾರ ಚದರ ಸೆಂಟಿಮೀಟರಿನ ಅರ್ಧಕ್ಕಿಂತ ಸ್ವಲ್ಪ ಹೆಚ್ಚು. ಮೂರು ಮೀಟರಿನಲ್ಲಿ ಆ ಎಳೆಯ ಪೊರೆ ಸುಮಾರು 180 ಗ್ರಾಂ ಹೊರಬೇಕು. ಅಲ್ಲಿ ದಬ್ಬಣ ಚುಚ್ಚದೆ ಇನ್ನೇನಾದೀತು?

ಘಟ್ಟ ಇಳಿದವರಿಗೆಲ್ಲ ಈ ನೋವಿನ ತಮ್ಮನ ಪರಿಚಯ ಇದ್ದೇ ಇದೆ. ಆಗುಂಬೆಯಿಂದ ಸೋಮೇಶ್ವರಕ್ಕೆ ಹದಿನಾಲ್ಕು ತಿರುವುಗಳಲ್ಲಿ ಬಸ್ಸು ಇಳಿಯುವಾಗ ಕಿವಿ ಕಟ್ಟುತ್ತದೆ, ಪಕ್ಕದವರ ಮಾತು ಹತ್ತಿ ತುರುಕಿದ ಹಾಗೆ ಕೇಳುತ್ತದೆ, ಎಂಜಲು ನುಂಗಿದೊಡನೆ ಟಪ್ ಎಂದು ಬಿಡುತ್ತದೆ. ಲೆಕ್ಕ ಹಾಕಿದರೆ, ಆ ಇಡೀ ಘಟ್ಟ ಇಳಿಯುವಷ್ಟರಲ್ಲಿ ಗಾಳಿಯ ಒತ್ತಡದಲ್ಲಿ ಆಗುವ ಬದಲಾವಣೆ ಬಾವಿಯಲ್ಲಿ ಎರಡು ಅಡಿ ಮುಳುಗಿದಷ್ಟು, ಅಷ್ಟೇ. ಬಸ್ಸಿಗೆ ಅರ್ಧ ಗಂಟೆ ಹಿಡಿಯುವುದನ್ನು ತಲೆಕೆಳಗಾಗಿ ಧುಮುಕಿದ ಹುಡುಗ ಒಂದು ಸೆಕೆಂಡಿನಲ್ಲಿ ಮುಗಿಸುತ್ತಾನೆ.

ಟಪ್ ಎಂದು ಬಿಟ್ಟದ್ದು ಏನು? ಮಧ್ಯಕರ್ಣದಿಂದ ಮೂಗಿನ ಹಿಂಭಾಗಕ್ಕೆ, ಗಂಟಲಿನ ಮೇಲ್ಮನೆಗೆ, ಮೂರೂವರೆ ಸೆಂಟಿಮೀಟರ್ ಉದ್ದದ ಒಂದು ಓಣಿ ಇದೆ. 1562ರಲ್ಲಿ ಇದನ್ನು ವಿವರವಾಗಿ ಬರೆದ ರೋಮಿನ ಅಂಗರಚನಾಶಾಸ್ತ್ರಜ್ಞ ಬಾರ್ತೊಲೊಮಿಯೊ ಯೂಸ್ಟಾಕಿಯ ಹೆಸರಿನಿಂದ ಅದು ಯೂಸ್ಟೇಶಿಯನ್ ನಾಳ. (ಅದಕ್ಕೂ ಎರಡು ಸಾವಿರ ವರ್ಷ ಹಿಂದೆ ಗ್ರೀಕ್ ಚಿಂತಕ ಆಲ್ಕ್‌ಮಿಯಾನ್ ಆಡುಗಳು ಕಿವಿಯಿಂದ ಉಸಿರಾಡುತ್ತವೆ ಎಂದಿದ್ದನಂತೆ. ಅರಿಸ್ಟಾಟಲ್ ಅದನ್ನು ತಪ್ಪೆಂದು ತಳ್ಳಿಹಾಕಿದ. ತಪ್ಪೇ ಸರಿ, ಆದರೆ ಕಿವಿಗೂ ಉಸಿರಿನ ದಾರಿಗೂ ನಂಟಿದೆ ಎಂಬ ಮಟ್ಟಿಗೆ ಆಡು ಗೆದ್ದಿತು.) ನಾಳದ ಕಿವಿಯ ಕಡೆಯ ಮೂರನೇ ಒಂದು ಭಾಗ ಮೂಳೆ; ಅದು ಸದಾ ತೆರೆದಿರುತ್ತದೆ. ಮೂಗಿನ ಕಡೆಯ ಮೂರನೇ ಎರಡು ಭಾಗ ಮೃದ್ವಸ್ಥಿ ಮತ್ತು ಒದ್ದೆ ಒಳಪೊರೆ. ಅದು ಸದಾ ಮುಚ್ಚಿರುತ್ತದೆ. ನುಂಗಿದಾಗ, ಆಕಳಿಸಿದಾಗ ಅಂಗುಳಿನ ಪುಟ್ಟ ಸ್ನಾಯುಗಳು ಎಳೆದು ಅದನ್ನು ಕ್ಷಣಕಾಲ ತೆರೆಯುತ್ತವೆ.

ಈ ಅಧ್ಯಾಯದಲ್ಲಿ ಬೇರೆಲ್ಲ ಮರೆತರೂ ಈ ನಾಳದ ಒಂದು ಗುಣ ನೆನಪಿರಲಿ. ಅದು ಒದ್ದೆ ಪ್ಲಾಸ್ಟಿಕ್ ಚೀಲದ ಬಾಯಿಯಂತೆ. ಒಳಗೂ ಹೊರಗೂ ಒತ್ತಡ ಸಮವಾಗಿದ್ದಾಗ ತುಸು ಅಲುಗಿಸಿದರೆ ಬಿಟ್ಟುಕೊಳ್ಳುತ್ತದೆ. ಆದರೆ ಮಧ್ಯಕರ್ಣದಲ್ಲಿ ಒತ್ತಡ ಕಡಿಮೆಯಾಗಿ ಗಂಟಲಿನ ಕಡೆ ಹೆಚ್ಚಾದರೆ, ಆ ಹೆಚ್ಚಿನ ಒತ್ತಡವೇ ಮೆತ್ತನೆಯ ಗೋಡೆಗಳನ್ನು ಒಂದಕ್ಕೊಂದು ಅಂಟಿಸುತ್ತದೆ. ಏನೂ ಮಾಡದೆ ಒಂದೂಕಾಲು ಮೀಟರಿನಷ್ಟು ಇಳಿದುಬಿಟ್ಟರೆ ಹಲವರಲ್ಲಿ ಆ ಸ್ನಾಯುಗಳ ಶಕ್ತಿಗೆ ಅದು ಮೀರಿದ ಬೀಗ. ಅಲ್ಲಿಂದ ಮುಂದೆ ನೀವು ಎಷ್ಟು ಊದಿದರೂ ಬೀಗಕ್ಕೆ ಇನ್ನಷ್ಟು ಬಲ ಬರುತ್ತದೆ ಹೊರತು ಬಾಗಿಲು ತೆರೆಯುವುದಿಲ್ಲ. ತಡೆದು ತಡೆದು ಇಳಿಯುತ್ತಿದ್ದ ನಮ್ಮ ಬಾವಿಯವನು ಹೆದರಿದ್ದಲ್ಲ. ಬಾಗಿಲು ಬೀಗ ಹಾಕಿಕೊಳ್ಳುವ ಮೊದಲೇ ಪ್ರತಿ ಮೊಳಕ್ಕೂ ಅದನ್ನು ತಟ್ಟಿ ತೆರೆಯುತ್ತಿದ್ದ.

ನೋವು ಬಂದ ಮೇಲೆ ಮೂಗು ಹಿಡಿಯುವುದೆಂದರೆ ಬಸ್ಸು ಹೋದ ಮೇಲೆ ಕೈ ಅಡ್ಡ ಹಾಕಿದಂತೆ. ಫ್ರೀಡೈವಿಂಗ್ ಕಲಿಸುವವರು ನೀರಿನ ಮೇಲಿರುವಾಗಲೇ ಒಮ್ಮೆ, ತಲೆ ಮುಳುಗಿದೊಡನೆ ಒಮ್ಮೆ, ಆಮೇಲೆ ಅರ್ಧ ಮೀಟರಿಗೋ ಒಂದು ಮೀಟರಿಗೋ ಒಮ್ಮೆ ಒತ್ತಡ ಸರಿದೂಗಿಸಿ ಎನ್ನುತ್ತಾರೆ. ಕೆಳಗೆ ಹೋದಂತೆ ಈ ಕೆಲಸ ಕಷ್ಟವಾಗುತ್ತದೆ ಎಂದು ನಾವು ಭಾವಿಸುತ್ತೇವೆ. ಕಿವಿಯ ಮಟ್ಟಿಗೆ ಮೇಲಿನ ಹತ್ತು ಮೀಟರೇ ಕಠಿಣ. ಕಾರಣ 1662ರಲ್ಲಿ ರಾಬರ್ಟ್ ಬಾಯ್ಲ್ ಹೇಳಿದ ನಿಯಮ: ಒತ್ತಡ ಇಮ್ಮಡಿಯಾದರೆ ಗಾಳಿಯ ಗಾತ್ರ ಅರ್ಧ. ಮೇಲ್ಮೈಯಿಂದ ಹತ್ತು ಮೀಟರಿಗೆ ಬರುವಷ್ಟರಲ್ಲಿ ಒತ್ತಡ ಒಂದರಿಂದ ಎರಡಾಗಿ ಕಿವಿಯ ಗಾಳಿ ಅರ್ಧಕ್ಕೆ ಇಳಿಯುತ್ತದೆ. ಇನ್ನೊಮ್ಮೆ ಅರ್ಧವಾಗಲು ಮೂವತ್ತು ಮೀಟರಿನ ತನಕ ಹೋಗಬೇಕು. ಮತ್ತೊಮ್ಮೆ ಅರ್ಧವಾಗಲು ಎಪ್ಪತ್ತು ಮೀಟರ್. ಈಜುಕೊಳದ ಆಳ ತುದಿಯಲ್ಲೇ ಕಿವಿ ಕೆಡಿಸಿಕೊಂಡವರಿದ್ದಾರೆ ಎಂದರೆ ಆಶ್ಚರ್ಯವಿಲ್ಲ.

ಇನ್ನು ಬಾಗಿಲು ತಟ್ಟುವ ಬಗೆ. ಎಲ್ಲರಿಗೂ ಗೊತ್ತಿರುವುದು ಮೂಗು ಹಿಡಿದು, ಬಾಯಿ ಮುಚ್ಚಿ, ಎದೆಯಿಂದ ಊದುವುದು. ಇದಕ್ಕೆ ಇಟಲಿಯ ಆಂಟೋನಿಯೊ ವಲ್ಸಾಲ್ವಾನ ಹೆಸರಿದೆ. 1704ರ ತನ್ನ ಕಿವಿಯ ಗ್ರಂಥದಲ್ಲಿ ಅವನು ಇದನ್ನು ಹೇಳಿದ್ದು ಮುಳುಗುವವರಿಗಲ್ಲ. ತಮಟೆ ತೂತಾದ ರೋಗಿಗಳ ಮಧ್ಯಕರ್ಣದಿಂದ ಕೀವನ್ನು ಹೊರತಳ್ಳಲು! ಒಳಗಿರುವುದನ್ನು ಬಲವಂತವಾಗಿ ಹೊರಹಾಕುವ ಉಪಾಯ ಅದು. ಅದೇ ಬಲವಂತ ನೀರಿನಲ್ಲೂ ಅದರ ದೋಷ. ಎದೆಯೊಳಗೆ ಒತ್ತಡ ಏರಿದಾಗ ತಲೆಯಿಂದ ಇಳಿಯುವ ರಕ್ತ ತಡೆಯುತ್ತದೆ, ನಾಳದ ಒಳಪೊರೆ ಊದಿಕೊಳ್ಳುತ್ತದೆ, ಓಣಿ ಇನ್ನಷ್ಟು ಕಿರಿದಾಗುತ್ತದೆ. ತಲೆಕೆಳಗಾಗಿದ್ದರೆ ಇದೆಲ್ಲ ಇಮ್ಮಡಿ ಕಷ್ಟ. ಗಾಳಿ ಎದೆಯ ಕಡೆಗೆ, ಅಂದರೆ ಈಗ ಮೇಲಕ್ಕೆ, ಏರಿ ಕೂತಿರುತ್ತದೆ. ಕಾಲು ಮುಂದಾಗಿ ಇಳಿಯುವವರಿಗೆ ಕಿವಿ ಸುಲಭವಾಗಿ ಬಿಡುವುದು ಇದೇ ಕಾರಣಕ್ಕೆ. ಹೊಸಬರಿಗೆ ಮೊದಲು ಹಗ್ಗ ಹಿಡಿದು ಕಾಲು ಕೆಳಗಾಗಿ ಇಳಿಯುವುದನ್ನೇ ಕಲಿಸುವುದುಂಟು. ಬಾವಿಯವನಿಗೆ ಅದನ್ನು ಯಾರು ಹೇಳಿಕೊಟ್ಟಿದ್ದರೋ.

ಅದಕ್ಕಿಂತ ದೊಡ್ಡ ಅಪಾಯ ಒಳಗಿವಿಯಲ್ಲಿದೆ. ಮಧ್ಯಕರ್ಣಕ್ಕೂ ಒಳಗಿವಿಗೂ ನಡುವೆ ಎರಡು ಪುಟ್ಟ ಕಿಟಕಿಗಳಿವೆ. ತಮಟೆ ಒಳಕ್ಕೆ ಬಾಗಿರುವಾಗ, ನಾಳ ಬೀಗ ಬಿದ್ದಿರುವಾಗ, ಹಟ ಹಿಡಿದು ಊದಿದರೆ ಆ ಒತ್ತಡ ತಲೆಬುರುಡೆಯೊಳಗಿನ ದ್ರವದ ಮೂಲಕ ಒಳಗಿವಿಗೂ ಹರಿದು, ಕಿಟಕಿಯ ಪೊರೆ ಹರಿಯಬಹುದು. ತೂತಾದ ತಮಟೆ ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ತಾನೇ ಕೂಡಿಕೊಳ್ಳುತ್ತದೆ. ಒಳಗಿವಿಯ ಪೆಟ್ಟು ಹಾಗಲ್ಲ. ಹೋದ ಕೇಳ್ಮೆ ಮರಳದೆ ಇರಬಹುದು, ಕಿವಿಯಲ್ಲಿ ಗುಂಯ್‌ಗುಡುವ ಸದ್ದು ಜೀವಮಾನವಿಡೀ ಉಳಿಯಬಹುದು. ಮುಳುಗಿ ಬಂದ ಮೇಲೆ ತಲೆ ತಿರುಗುತ್ತಿದ್ದರೆ, ಕಿವಿ ಗುಂಯ್‌ಗುಟ್ಟುತ್ತಿದ್ದರೆ, ನಾಳೆ ನೋಡೋಣ ಎನ್ನದೆ ಅಂದೇ ಕಿವಿಯ ವೈದ್ಯರ ಬಳಿ ಹೋಗಬೇಕು.

ಎರಡನೆಯ ದಾರಿ ಇಂಗ್ಲೆಂಡಿನ ಜೋಸೆಫ್ ಟಾಯ್ನ್‌ಬೀಯದು: ಮೂಗು ಹಿಡಿದು ನುಂಗುವುದು. ಇದು ಸ್ನಾಯುಗಳಿಂದಲೇ ಬಾಗಿಲು ತೆರೆಸುತ್ತದೆ. ಮೃದು, ಆದರೆ ಒಳಕ್ಕೆ ಹೋಗುವ ಗಾಳಿ ಸಾಲದು. ಟಾಯ್ನ್‌ಬೀಯ ಕಥೆ ದುರಂತದ್ದು. ಕಿವಿಯ ಗುಂಯ್‌ಗುಡುವಿಕೆಗೆ ಮದ್ದು ಹುಡುಕುತ್ತ, ಕ್ಲೋರೋಫಾರ್ಮ್ ಮೊದಲಾದ ಆವಿಗಳನ್ನು ಎಳೆದುಕೊಂಡು ಕಿವಿಯೊಳಕ್ಕೆ ಊದುವ ಪ್ರಯೋಗವನ್ನು ತನ್ನ ಮೇಲೆಯೇ ಮಾಡಿಕೊಂಡು 1866ರಲ್ಲಿ ತೀರಿಕೊಂಡ.

ಫ್ರೀಡೈವರ್‌ಗಳು ನಿಜವಾಗಿ ನೆಚ್ಚುವುದು ಮೂರನೆಯದನ್ನು. ಜರ್ಮನ್ ವೈದ್ಯ ಹರ್ಮನ್ ಫ್ರೆಂಜೆಲ್ 1938ರಲ್ಲಿ ವಿವರಿಸಿದ್ದು, ವಿಮಾನವನ್ನು ನೆಲದತ್ತ ನೇರ ಧುಮುಕಿಸುವ ಪೈಲಟ್‌ಗಳಿಗೆ ಬೇಕಾದದ್ದು. ಇದರಲ್ಲಿ ಎದೆಗೆ ಕೆಲಸವೇ ಇಲ್ಲ. ಗಂಟಲನ್ನು ಮುಚ್ಚಿ, ಅದರ ಮೇಲಿರುವ ಒಂದು ಗುಟುಕು ಗಾಳಿಯನ್ನಷ್ಟೇ ನಾಲಗೆಯಿಂದ ಒತ್ತಿ ನಾಳಕ್ಕೆ ಕಳಿಸುವುದು. ಕೇಳಲು ಸುಲಭ. ಆದರೆ ಗಂಟಲು, ಅಂಗುಳು, ನಾಲಗೆಯ ಬೇರು ಇವನ್ನು ನಾವು ಯಾವತ್ತೂ ಬಿಡಿಬಿಡಿಯಾಗಿ ಆಡಿಸಿದವರಲ್ಲ. ಎಷ್ಟೋ ಜನ ಇಲ್ಲೇ ತಿಂಗಳುಗಟ್ಟಲೆ ಸಿಕ್ಕಿಬೀಳುತ್ತಾರೆ.

ಕನ್ನಡ ಓದಿದವರಿಗೆ ಇಲ್ಲೊಂದು ಸವಲತ್ತಿದೆ ಎಂದು ನನ್ನ ಅನಿಸಿಕೆ. ನಮ್ಮ ವರ್ಣಮಾಲೆಯೇ ಬಾಯಿಯ ನಕ್ಷೆ. ಕವರ್ಗದಲ್ಲಿ ನಾಲಗೆಯ ಬೇರು ಮೆತ್ತನೆಯ ಅಂಗುಳನ್ನು ಮುಟ್ಟುತ್ತದೆ. ತವರ್ಗದಲ್ಲಿ ತುದಿ ಹಲ್ಲನ್ನು. ಪವರ್ಗದಲ್ಲಿ ತುಟಿಗಳು ಕೂಡುತ್ತವೆ. ಪ್ರತಿ ವರ್ಗದ ಕೊನೆಗೊಂದು ಅನುನಾಸಿಕ. ಈಗ ಮೂಗನ್ನು ಗಟ್ಟಿಯಾಗಿ ಹಿಡಿದು ‘ಅಮ್ಮ’ ಎನ್ನಿ. ಅದು ‘ಅಬ್ಬ’ದ ಹತ್ತಿರ ಬರುತ್ತದೆ. ‘ಬ’ ಮತ್ತು ‘ಮ’ಗಳಲ್ಲಿ ತುಟಿ ಒಂದೇ, ನಾಲಗೆ ಒಂದೇ. ‘ಬ’ದಲ್ಲಿ ಮೆತ್ತನೆಯ ಅಂಗುಳು ಮೇಲೆದ್ದು ಮೂಗಿನ ದಾರಿ ಮುಚ್ಚುತ್ತದೆ, ‘ಮ’ದಲ್ಲಿ ಇಳಿದು ತೆರೆಯುತ್ತದೆ, ವ್ಯತ್ಯಾಸ ಇಷ್ಟೇ. ಕಿವಿಯ ನಾಳ ತೆರೆದುಕೊಳ್ಳುವುದು ಮೂಗಿನ ಹಿಂದೆ. ಅಂಗುಳು ಮೇಲೆದ್ದರೆ ಗಾಳಿ ಅಲ್ಲಿಗೆ ತಲುಪುವುದೇ ಇಲ್ಲ. ‘ನನಗೆ ಫ್ರೆಂಜೆಲ್ ಬರುವುದಿಲ್ಲ’ ಎನ್ನುವವರಲ್ಲಿ ಅನೇಕರ ತೊಂದರೆ ಇಷ್ಟೇ. ಗಾಬರಿಯಲ್ಲಿ ಅಂಗುಳನ್ನು ‘ಬ’ ಮಾಡಿಕೊಂಡಿರುತ್ತಾರೆ. ಕೆನ್ನೆ ಉಬ್ಬುತ್ತದೆ, ಕಿವಿ ಮಾತ್ರ ಸುಮ್ಮನಿರುತ್ತದೆ.

ಇನ್ನು ಗಂಟಲು ಮುಚ್ಚುವುದು. ತುಂಬಿದ ಕೊಡವನ್ನು ಸೊಂಟಕ್ಕೆ ಎತ್ತುವಾಗ ಒಂದು ಕ್ಷಣ ಉಸಿರು ಬಿಗಿಹಿಡಿಯುತ್ತೇವಲ್ಲ, ಆಗ ಮುಚ್ಚುವುದೇ ಗ್ಲಾಟಿಸ್, ಧ್ವನಿತಂತುಗಳ ನಡುವಿನ ಬಾಗಿಲು. ಈ ಎರಡನ್ನೂ ಕೂಡಿಸಿ: ‘ನ’ ಎನ್ನಲು ಹೊರಟಂತೆ ನಾಲಗೆಯ ತುದಿಯನ್ನು ಹಲ್ಲಿನ ಹಿಂದೆ ಊರಿ, ಗಂಟಲು ಮುಚ್ಚಿ, ಮೂಗು ಹಿಡಿದು, ನಾಲಗೆಯ ಬೇರನ್ನು ‘ಕ’ದ ಕಡೆಗೆ ಹಿಂದಕ್ಕೂ ಮೇಲಕ್ಕೂ ದೂಡಿ. ಸೈಕಲ್ ಪಂಪಿನ ಕೊಂತದಂತೆ ನಾಲಗೆ ಆ ಗುಟುಕು ಗಾಳಿಯನ್ನು ಒತ್ತುತ್ತದೆ. ಬೆರಳುಗಳ ನಡುವೆ ಮೂಗಿನ ಹೊಳ್ಳೆ ತುಸು ಉಬ್ಬುತ್ತದೆ, ಗಂಟಲಮಣಿ ಮೇಲೇರುತ್ತದೆ, ಎರಡೂ ಕಿವಿಯಲ್ಲಿ ಚಿಟ್ ಎನ್ನುತ್ತದೆ. ಇನ್ನೊಂದು ಕೈಯನ್ನು ಹೊಟ್ಟೆಯ ಮೇಲಿಟ್ಟುಕೊಳ್ಳಿ. ಹೊಟ್ಟೆ ಅಲುಗಿದರೆ ಅದು ವಲ್ಸಾಲ್ವಾ, ಫ್ರೆಂಜೆಲ್ ಅಲ್ಲ. ಕನ್ನಡಿಯ ಮುಂದೆ, ಒಣ ನೆಲದ ಮೇಲೆ, ಮೆಲ್ಲಗೆ ಕಲಿಯುವ ವಿದ್ಯೆ ಇದು. ಮನೆಯವರು ನಗುತ್ತಾರೆ, ನಗಲಿ.

ಕೈ ಬಳಸದೆ, ಅಂಗುಳಿನ ಸ್ನಾಯುಗಳನ್ನಷ್ಟೇ ಬಿಗಿದು ನಾಳವನ್ನು ತೆರೆದಿಡುವ ಕೆಲವು ಭಾಗ್ಯವಂತರೂ ಇದ್ದಾರೆ. ನಾನು ಆ ಪೈಕಿಯಲ್ಲ.

ಮೂವತ್ತು ಮೀಟರಿನ ಆಸುಪಾಸಿನಲ್ಲಿ ಹೊಸ ತೊಡಕು. ಅಲ್ಲಿ ಒತ್ತಡ ನಾಲ್ಕು ಪಟ್ಟು. ಆರು ಲೀಟರ್ ಶ್ವಾಸಕೋಶ ಒಂದೂವರೆ ಲೀಟರಿಗೆ ಇಳಿದಿರುತ್ತದೆ, ಅಂದರೆ ಪೂರ್ತಿ ಉಸಿರು ಬಿಟ್ಟ ಮೇಲೂ ಎದೆಯಲ್ಲಿ ಉಳಿಯುವಷ್ಟು. ಅದರಾಚೆ ಎದೆಯಿಂದ ಬಾಯಿಗೆ ಒಂದು ಗುಟುಕು ಗಾಳಿಯನ್ನೂ ಎಳೆಯಲಾಗದು. ಅದಕ್ಕೇ ಆಳದವರು ಇಪ್ಪತ್ತರ ಸುಮಾರಿಗೆ, ಕೊಡುವ ಕೈ ಇನ್ನೂ ಇರುವಾಗ, ಕೆನ್ನೆ ತುಂಬ ಗಾಳಿ ತಂದು ಗಂಟಲಿಗೆ ಬೀಗ ಹಾಕಿ, ಆ ಬುತ್ತಿಯಲ್ಲೇ ಉಳಿದ ದಾರಿ ಸಾಗಿಸುತ್ತಾರೆ. ಕೆನಡಾದ ಎರಿಕ್ ಫತ್ತಾಹ್ ಈ ಶತಮಾನದ ಮೊದಲ ವರ್ಷಗಳಲ್ಲಿ ಇದನ್ನು ಹಂತಹಂತವಾಗಿ ಬರೆದು ಹಂಚಿದ ಮೇಲೆ ಅದು ಎಲ್ಲರ ವಿದ್ಯೆಯಾಯಿತು. ನಡುವೆ ನುಂಗಿಬಿಟ್ಟರೆ ಬುತ್ತಿ ಖಾಲಿ, ಹಿಂದೆ ಬರಬೇಕು.

ಗಾಳಿಯೇ ಇರದಿದ್ದರೆ ಈ ತಾಪತ್ರಯವೇ ಇಲ್ಲವಲ್ಲ? ಸೀಲ್‌ಗಳು ಹಿಡಿದ ದಾರಿ ಅದೇ. ಅವುಗಳ ಮಧ್ಯಕರ್ಣದ ಒಳಪೊರೆಯಲ್ಲಿ ರಕ್ತದ ಸಂಚಿಗಳಿವೆ. ಆಳಕ್ಕೆ ಹೋದಂತೆ ಅವು ಊದಿ ಗಾಳಿಯ ಜಾಗವನ್ನು ತಾವೇ ತುಂಬುತ್ತವೆ. ಮನುಷ್ಯ ಹಿಡಿದದ್ದು ಒರಟು ದಾರಿ. 1913ರಲ್ಲಿ ಗ್ರೀಸಿನ ಕಾರ್ಪಥೋಸ್ ದ್ವೀಪದ ಬಳಿ ಇಟಲಿಯ ಯುದ್ಧನೌಕೆ ‘ರೆಜಿನಾ ಮಾರ್ಗರಿಟಾ’ ತನ್ನ ಲಂಗರನ್ನು ಕಳೆದುಕೊಂಡಿತು. ಅದನ್ನು ಹುಡುಕಿಕೊಟ್ಟವನು ಸಿಮಿ ದ್ವೀಪದ ಸ್ಪಂಜು ಮುಳುಗುಗಾರ ಹಗ್ಗಿ ಸ್ಟಾಟಿ. ಕಲ್ಲು ಹಿಡಿದು, ಒಂದೇ ಉಸಿರಿನಲ್ಲಿ, ಎಪ್ಪತ್ತು ಮೀಟರಿಗೂ ಹೆಚ್ಚು ಇಳಿದನೆಂದು ಹೇಳುತ್ತಾರೆ. ನೌಕೆಯ ವೈದ್ಯರು ಪರೀಕ್ಷಿಸಿದಾಗ ಅವನ ಒಂದು ಕಿವಿಯ ತಮಟೆ ತೂತಾಗಿತ್ತು, ಇನ್ನೊಂದರಲ್ಲಿ ತಮಟೆಯೇ ಇರಲಿಲ್ಲ. ಗೋಡೆಯೇ ಬಿದ್ದ ಮನೆಗೆ ಬಾಗಿಲಿನ ಚಿಂತೆ ಏಕೆ? ಆಗ್ನೇಯ ಏಷ್ಯಾದ ಸಮುದ್ರವಾಸಿ ಬಜಾವ್ ಜನರಲ್ಲೂ ಎಳವೆಯಲ್ಲೇ ತಮಟೆ ಹರಿದುಕೊಂಡು ವಯಸ್ಸಾದಂತೆ ಕಿವುಡಾಗುವವರು ಬಹಳ ಎಂದು ಕಂಡವರು ಬರೆದಿದ್ದಾರೆ. ಬೆಲ್ಜಿಯಂನ ಪ್ಯಾಟ್ರಿಕ್ ಮುಸಿಮು 2005ರಲ್ಲಿ 209 ಮೀಟರ್ ಇಳಿದಾಗ ಮೂಗಿನಿಂದ ಸಮುದ್ರದ ನೀರನ್ನೇ ಒಳಬಿಟ್ಟು ಕಿವಿ ತುಂಬಿಸಿಕೊಂಡೆ ಎಂದಿದ್ದ. ಸೀಲ್ ರಕ್ತದಿಂದ ಮಾಡಿದ್ದನ್ನು ಅವನು ಉಪ್ಪುನೀರಿನಿಂದ ಮಾಡಿದ.

ಆದರೆ ನೀರಿನಲ್ಲಿರುವಾಗ ತಮಟೆ ಹರಿದರೆ ನೋವಿಗಿಂತ ಕೆಟ್ಟದ್ದು ಬೇರೆಯಿದೆ. ತಣ್ಣನೆಯ ನೀರು ಮಧ್ಯಕರ್ಣಕ್ಕೆ ನುಗ್ಗಿ, ಪಕ್ಕದಲ್ಲೇ ಇರುವ ಸಮತೋಲದ ನಾಳಗಳ ದ್ರವವನ್ನು ಒಂದು ಕಡೆ ಮಾತ್ರ ತಣ್ಣಗಾಗಿಸುತ್ತದೆ. ಮಿದುಳಿಗೆ ಅದು ತಲೆ ಗಿರ್ರನೆ ಸುತ್ತುತ್ತಿರುವ ಸುದ್ದಿಯಂತೆ ಮುಟ್ಟುತ್ತದೆ. ಮೇಲು ಯಾವುದು, ಕೆಳಗೆ ಯಾವುದು ತಿಳಿಯದು. ಕಿವಿ ತೊಳೆಯುವಾಗ ತಣ್ಣೀರಿಗೂ ಬಿಸಿನೀರಿಗೂ ರೋಗಿಗಳ ಕಣ್ಣು ವಿರುದ್ಧ ದಿಕ್ಕಿಗೆ ಓಡುವುದನ್ನು ಗಮನಿಸಿ ಇದರ ಗುಟ್ಟು ಬಿಡಿಸಿದ ವಿಯೆನ್ನಾದ ರಾಬರ್ಟ್ ಬಾರಾನಿಗೆ 1914ರ ನೊಬೆಲ್ ಬಂತು. ಸುದ್ದಿ ತಲುಪಿದಾಗ ಅವನು ರಷ್ಯನ್ನರ ಯುದ್ಧಕೈದಿ. ನೀರಿನಲ್ಲಿ ಹೀಗಾದವರು ಹಗ್ಗವನ್ನು ಅಪ್ಪಿ ಹಿಡಿದು ಕಾಯಬೇಕು. ನೀರು ಮೈಯ ಬಿಸಿಗೆ ಬಂದಂತೆ ಸುತ್ತು ಇಳಿಯುತ್ತದೆ. ಆದರೆ ಒಂದೇ ಉಸಿರಿನಲ್ಲಿ ಇಳಿದವನಿಗೆ ಕಾಯಲು ಹೊತ್ತೆಲ್ಲಿ? ಒಬ್ಬರೇ ಮುಳುಗಬಾರದು ಎನ್ನುವುದಕ್ಕೆ ಇರುವ ಹತ್ತು ಕಾರಣಗಳಲ್ಲಿ ಇದೂ ಒಂದು.

ಹಾಗಾಗಿ ಕಿವಿ ಬಿಡದಿದ್ದರೆ ಅಲ್ಲೇ ನಿಲ್ಲಬೇಕು. ತಲೆ ಮೇಲೆ ಮಾಡಿ, ಒಂದು ಮೀಟರ್ ಹಿಂದಕ್ಕೆ ಏರಿ, ಮತ್ತೊಮ್ಮೆ ಮೆಲ್ಲಗೆ ತಟ್ಟಿ ನೋಡಬೇಕು. ಬಿಡದಿದ್ದರೆ ಆ ಮುಳುಗು ಮುಗಿಯಿತು. ಕುತ್ತಿಗೆಯನ್ನು ಹಿಂದಕ್ಕೆ ಬಗ್ಗಿಸಿ ತಳ ನೋಡುತ್ತ ಹೋಗುವವರಿಗೆ ಗಂಟಲು ಎಳೆದುಕೊಂಡು ಕಿವಿ ಬಿಡುವುದಿಲ್ಲ. ದೃಷ್ಟಿ ಎದುರಿನ ಹಗ್ಗದ ಮೇಲಿರಲಿ. ಮೂಗು ಮುಚ್ಚದ ಈಜುಗನ್ನಡಕ ಆಳಕ್ಕೆ ಬೇಡ, ಅದರೊಳಗೆ ಗಾಳಿ ತುಂಬಲು ದಾರಿಯಿಲ್ಲ, ಕಣ್ಣುಗುಡ್ಡೆಯನ್ನೇ ಹೀರುತ್ತದೆ. ಕಿವಿಗೆ ಬಿರಡೆ ಹಾಕುವುದಂತೂ ಇನ್ನೊಂದು ಗಾಳಿಕೋಣೆಯನ್ನು ಕೈಯಾರೆ ಕಟ್ಟಿದಂತೆ. ಮುರುಡೇಶ್ವರದಿಂದ ದೋಣಿಯಲ್ಲಿ ನೇತ್ರಾಣಿಗೆ ಹೊರಡುವ ಬೆಳಿಗ್ಗೆ ಮೂಗು ಕಟ್ಟಿದ್ದರೆ, ಕೊಟ್ಟ ದುಡ್ಡಿನ ಮೋಹಕ್ಕೆ ಮಾತ್ರೆ ನುಂಗಿ ನೀರಿಗಿಳಿಯುವವರನ್ನು ಕಂಡಿದ್ದೇನೆ. ನೆಗಡಿ ಎಂದರೆ ಆ ಓಣಿಯ ಗೋಡೆಗಳು ಊದಿಕೊಂಡಿವೆ ಎಂದೇ ಅರ್ಥ. ಮಾತ್ರೆಯ ಬಲ ಮಧ್ಯದಲ್ಲಿ ಇಳಿದರೆ, ಒಳಗೆ ಹೋದ ಗಾಳಿ ಹೊರಬರಲು ದಾರಿ ಕಾಣದೆ ಒಳಗಿನಿಂದ ಹೊರಕ್ಕೆ ಒತ್ತುತ್ತದೆ. ಎರಡು ಕಿವಿಗಳು ಒಂದೇ ಹೊತ್ತಿಗೆ ಬಿಡದಿದ್ದರೂ ತಲೆ ಸುತ್ತುತ್ತದೆ.

ಆರೋಗ್ಯದ ಕಿವಿಗೆ ಮೇಲೆ ಬರುವ ದಾರಿ ಹೀಗಿಲ್ಲ. ಹಿಗ್ಗುವ ಗಾಳಿ ಮೂಳೆಯ ಕಡೆಯಿಂದ ಬಂದು ಆ ಮೆತ್ತನೆಯ ತುಟಿಗಳನ್ನು ತಾನೇ ಬಿಡಿಸಿಕೊಂಡು ಗಂಟಲಿಗೆ ಸೋರುತ್ತದೆ, ಗುಳುಗುಳು ಸದ್ದು ಮಾಡುತ್ತ. ನಾವು ಏನೂ ಮಾಡಬೇಕಿಲ್ಲ. ಸೋಮೇಶ್ವರದಿಂದ ಆಗುಂಬೆಗೆ ಏರುವ ಬಸ್ಸಿನಲ್ಲಿ ಕಿವಿಯ ಬಗ್ಗೆ ಯಾರೂ ದೂರುವುದಿಲ್ಲ. ಇಳಿಯುವ ಬಸ್ಸಿನಲ್ಲಿ ಮಾತ್ರ ನಾಲ್ಕೈದು ತಿರುವು ದಾಟುವಷ್ಟರಲ್ಲಿ ಹಿಂದಿನ ಸೀಟಿನ ಹಸುಗೂಸು ಕಿರುಚತೊಡಗುತ್ತದೆ. ತಾಯಿ ಸೆರಗು ಸರಿಸಿ ಹಾಲೂಡಿಸುತ್ತಾಳೆ. ಕೂಸು ನಾಲ್ಕು ಗುಟುಕು ನುಂಗಿ ಸುಮ್ಮನಾಗುತ್ತದೆ, ಮುಂದಿನ ತಿರುವಿನ ತನಕ.